ಮಾಲೆಯಲ್ಲಿ ಬಣ್ಣಗಳ ನೆರೆಹೊರೆ

ಹೂವಿನ ಅಲಂಕಾರಕ್ಕೆ ಹೂಗಳ ರಾಶಿಯೊಂದಿದ್ದರೆ ಸಾಕೆಂದು ನಾನೂ ಬಹುಕಾಲ ನಂಬಿದ್ದೆ. ದೇವದುರ್ಗದಲ್ಲಿ ನಡೆದ ತಂಗಿಯ ಮದುವೆ ಆ ನಂಬಿಕೆಯನ್ನು ಅಳಿಸಿತು. ಮಂಟಪಕ್ಕೆಂದು ರಾಯಚೂರಿನ ಪೇಟೆಯಿಂದ ಕಡುಗೆಂಪು ಗುಲಾಬಿ, ಕೇಸರಿ ಚೆಂಡುಹೂ, ಕನಕಾಂಬರಗಳನ್ನು ಬುಟ್ಟಿಗಟ್ಟಲೆ ತಂದಿದ್ದೆ. ಹಗಲಿನಲ್ಲಿ ಕಣ್ಣು ಕುಕ್ಕುತ್ತಿದ್ದ ಆ ಸಿರಿ ಮುಸ್ಸಂಜೆ ಕವಿಯುತ್ತಲೇ ಮಾಸಿತು. ಗುಲಾಬಿಯ ಸಾಲು ಕರಿಯ ಪಟ್ಟಿಯಂತೆ ತೋರತೊಡಗಿತು. ಮಾನ್ವಿಯಿಂದ ಬೀಗರು ಬರುವ ಹೊತ್ತು. ತಂಗಿಯ ಮುಖವೂ ಬಾಡಿತ್ತು.

ಅಂಗಳದ ಮೂಲೆಯಲ್ಲಿ ಮಾಲೆ ಕಟ್ಟುತ್ತಿದ್ದ ವೃದ್ಧೆಯೊಬ್ಬಳು ತಲೆಯೆತ್ತಿ, “ಎಲ್ಲಾ ಕೆಂಪಾದ್ರ ಯಾವುದೂ ಕೆಂಪು ಕಾಣಂಗಿಲ್ರೀ ಸರ. ನಡುನಡುವ ಮಲ್ಲಿಗಿ ಇಡ್ರಿ, ಮರುಗ ಇಡ್ರಿ” ಎಂದಳು. ಗಂಡನನ್ನು ಕಳೆದುಕೊಂಡವಳಾದ್ದರಿಂದ ಅವಳು ಮಂಟಪದೊಳಗೆ ಕಾಲಿಡಲಿಲ್ಲ. ಹೊರಗಿನಿಂದಲೇ ಅವಳು ಹೇಳಿದಳು, ಎಂ. ಎ. ಪದವೀಧರನಾದ ನಾನು ಮಾಡಿದೆನು.

ಬಿಳುಪು ಸೇರುತ್ತಲೇ ಕೆಂಪಿಗೆ ಜೀವ ಬಂದಿತು. ಮಂದ ಬೆಳಕಿನಲ್ಲಿ ಕೆಂಪು ಬಲುಬೇಗ ಕಪ್ಪಾಗುವುದೆಂಬುದನ್ನು ಜೆಕ್ ವಿಜ್ಞಾನಿ ಪುರ್ಕಿನ್ಯೆ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಗುರುತಿಸಿದ್ದನು. ನೆರೆಹೊರೆಯ ಮಹಿಮೆಯನ್ನು ವಿವರಿಸಿದವನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಶೆವ್ರಲ್. ಪ್ಯಾರಿಸಿನ ಗೋಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ 1824ರಲ್ಲಿ ಬಣ್ಣಗಾರಿಕೆಯ ಮೇಲ್ವಿಚಾರಕನಾದ ಆತನಿಗೆ, ಕಪ್ಪು ನೂಲಿಗೆ ಗಾಢತೆ ಸಾಲದೆಂಬ ದೂರು ಬಂದಿತು. ದೋಷ ಬಣ್ಣದಲ್ಲಿರಲಿಲ್ಲ, ಪಕ್ಕದ ನೀಲಿ ನೇರಳೆಗಳಲ್ಲಿತ್ತು! ಈ ವಿಷಯವಾಗಿ ಆತನ ದೊಡ್ಡ ಗ್ರಂಥ 1839ರಲ್ಲಿ ಹೊರಬಂದಿತು. ಕೆಂಪಿನ ಬದಿಗೆ ಹಸಿರಿದ್ದರೆ ಎರಡೂ ಹೊಳೆಯುತ್ತವೆ. ಮರುಗದ ಹಸಿರು ಮಾಡುವುದೂ ಅದನ್ನೇ. ಮೇಲಾಗಿ, ಕಂಪಿಲ್ಲದ ಕನಕಾಂಬರಕ್ಕೆ ಅದು ತನ್ನ ಕಂಪನ್ನೂ ಸಾಲ ಕೊಡುತ್ತದೆ.

ನಮ್ಮ ಜಿಲ್ಲೆಯ ಗಡಿಯಾಚೆ, ತೆಲಂಗಾಣದ ಹೆಂಗಸರು ನವರಾತ್ರಿಯ ದಿನಗಳಲ್ಲಿ ಕಟ್ಟುವ ಬತುಕಮ್ಮನನ್ನು ವಾಚಕರು ನೋಡಿರಬಹುದು. 2014ರಲ್ಲಿ ಅದು ಅಲ್ಲಿನ ರಾಜ್ಯೋತ್ಸವವಾಯಿತು. ಹಳದಿ ಆವರಿಕೆಯ ಸುತ್ತೊಂದು, ತುದಿಗೆ ಬಣ್ಣ ಅದ್ದಿದ ಬಿಳಿಯ ಗುನುಗು ಹೂವಿನ ಸುತ್ತೊಂದು. ಬಣ್ಣಗಳು ಕಲಸಿಹೋಗದೆ ಸುತ್ತುಸುತ್ತಾಗಿ ಗೋಪುರವೇಳುತ್ತದೆ. ಶೆವ್ರಲನ ಹೆಸರನ್ನು ಅವರಿಗೆ ಯಾರು ಹೇಳಿದರು?

ಬೀಗರು ಬಂದರು, ಮಂಟಪವನ್ನು ಮೆಚ್ಚಿದರು. ಉಳಿದಿದ್ದ ಮೊಳ ಮಲ್ಲಿಗೆಯನ್ನು ನನ್ನ ತಾಯಿ ಆ ವೃದ್ಧೆಗೆ ಕೊಡಹೋದಾಗ, “ನನಗ್ಯಾಕ್ರೀ ಯವ್ವಾ, ಮದುಮಗಳ ಜಡಿಗಿ ಇಡ್ರಿ” ಎಂದು ಅವಳು ಬುಟ್ಟಿಯನ್ನೆತ್ತಿಕೊಂಡಳು. ತಂಗಿಗೆ ಅದು ಕೇಳಿಸಿತು. ಅವಳು ಎದ್ದು ಅಂಗಳಕ್ಕೆ ಬಂದು, ಬೀಗರೆಲ್ಲ ನೋಡುತ್ತಿರುವಂತೆಯೇ, ಆ ಮುದುಕಿಯ ಮುಂದೆ ಬೆನ್ನು ತಿರುಗಿಸಿ ಕುಳಿತು, ಮಲ್ಲಿಗೆಯನ್ನು ಅವಳ ಕೈಯಿಂದಲೇ ಮುಡಿಸಿಕೊಂಡಳು.