ಬ್ಯಾಲರಾಟ್ ತೋಟದಲ್ಲಿ ತಲೆಗಳ ಸಾಲು

ಜೂಲಿಯಾ ಗಿಲಾರ್ಡ್ ಆದಮೇಲೆ ಟೋನಿ ಅಬಾಟ್. ಆಸ್ಟ್ರೇಲಿಯಾದ ಪ್ರಧಾನಿಗಳ ಕಂಚಿನ ಪ್ರತಿಮೆಗಳ ಸಾಲು ಹೇಳುವುದು ಹಾಗೆ. ಪತ್ರಿಕೆ ಓದುವ ಅಭ್ಯಾಸ ಇದ್ದವರಿಗೆ ಅಲ್ಲೊಂದು ಎಡವಟ್ಟು ಕಾಣುತ್ತದೆ. 2013ರ ಜೂನ್‌ನಲ್ಲಿ ಗಿಲಾರ್ಡ್ ಅವರಿಂದ ಕುರ್ಚಿ ಕಿತ್ತುಕೊಂಡವರು ಅಬಾಟ್ ಅಲ್ಲ, ಕೆವಿನ್ ರಡ್. ಆ ರಡ್ ಎಲ್ಲಿ? ನಾನು ಹೋದಾಗ ಗಿಲಾರ್ಡ್‌ಗಿಂತ ಮೊದಲೇ ನಿಂತಿದ್ದರು, 2007ರ ಜಾಗದಲ್ಲಿ. ಎರಡು ಸಲ ಪ್ರಧಾನಿಯಾದವರಿಗೆ ಪ್ರತಿಮೆ ಒಂದೇ. ಅದೂ ಮೊದಲ ಸರದಿಯ ಲೆಕ್ಕದಲ್ಲಿ. ಹಾಗಾಗಿ ಆಸ್ಟ್ರೇಲಿಯಾದ ಇತ್ತೀಚಿನ ರಾಜಕೀಯದ ದೊಡ್ಡ ಸೇಡಿನ ಕಥೆಯೊಂದು ಈ ಸಾಲಿನಲ್ಲಿ ಸದ್ದಿಲ್ಲದೆ ಮಾಯವಾಗಿದೆ.

ಜಾಗದ ಹೆಸರು ಪ್ರೈಮ್ ಮಿನಿಸ್ಟರ್ಸ್ ಅವೆನ್ಯೂ. ಮೆಲ್ಬರ್ನ್‌ನಿಂದ ರೈಲಿನಲ್ಲಿ ಒಂದೂವರೆ ಗಂಟೆಯ ಆಸುಪಾಸಿನಲ್ಲಿರುವ ಬ್ಯಾಲರಾಟ್‌ನ ಬೊಟಾನಿಕಲ್ ಗಾರ್ಡನ್ ಅದು, ವೆಂಡೂರಿ ಕೆರೆಯ ದಂಡೆಯಲ್ಲಿ. ಬ್ಯಾಲರಾಟ್‌ಗೆ ಹೋಗುವ ಭಾರತೀಯರು ಸಾಮಾನ್ಯವಾಗಿ ಸಾವರಿನ್ ಹಿಲ್‌ಗೆ ಹೋಗಿ ಹಳ್ಳದ ನೀರಲ್ಲಿ ಚಿನ್ನ ಜಾಲಿಸುತ್ತಾರೆ. ನಮ್ಮ ಮನೆಯವರೂ ಅಲ್ಲಿಗೇ ಹೋದರು. ನಾನು ಮಾತ್ರ ತಪ್ಪಿಸಿಕೊಂಡು ಇಲ್ಲಿಗೆ ಬಂದೆ. ಹಾರ್ಸ್ ಚೆಸ್ಟ್‌ನಟ್ ಮರಗಳ ನೆರಳಿನ ಉದ್ದನೆಯ ದಾರಿ, ಕಲ್ಲಿನ ಕಂಬಗಳು, ಪ್ರತಿ ಕಂಬದ ಮೇಲೂ ಒಂದು ತಲೆ.

ಇದನ್ನು ಶುರು ಮಾಡಿದವನು ರಿಚರ್ಡ್ ಕ್ರೌಚ್. 1901ರ ಮೊದಲ ಪಾರ್ಲಿಮೆಂಟಿನ ಅತಿ ಕಿರಿಯ ಸದಸ್ಯ, ಬ್ಯಾಲರಾಟ್‌ನಲ್ಲೇ ಹುಟ್ಟಿದವನು. 1940ರಲ್ಲಿ ಮೊದಲ ಆರು ಪ್ರತಿಮೆಗಳನ್ನು ಊರಿಗೆ ಕೊಟ್ಟ. ಆ ಕಾಲದಲ್ಲಿ ಪ್ರಧಾನಿಯ ಕುರ್ಚಿ ಇಷ್ಟೊಂದು ಜಾರುತ್ತದೆ ಎಂದು ಅವನಿಗೆ ಅನ್ನಿಸದೆ ಇರಲಾರದು. ಅವನು ಕಣ್ಣಾರೆ ಕಂಡ ಆಲ್ಫ್ರೆಡ್ ಡೀಕಿನ್ ಏಳು ವರ್ಷದಲ್ಲಿ ಮೂರು ಸಲ ಪ್ರಧಾನಿಯಾಗಿ ಮೂರು ಸಲ ಇಳಿದವರು. ಈ ಬ್ಯಾಲರಾಟ್ ಕ್ಷೇತ್ರದ ಸಂಸದರೇ. ಅವರಿಗೂ ಇಲ್ಲಿ ತಲೆ ಒಂದೇ. 1945ರಲ್ಲಿ ಎಂಟು ದಿನ ಪ್ರಧಾನಿಯಾಗಿದ್ದ ಫ್ರಾಂಕ್ ಫೋರ್ಡ್ ಅವರಿಗೂ ಒಂದು, ಎರಡು ಅವಧಿ ಸೇರಿ ಹದಿನೆಂಟು ವರ್ಷ ಆಳಿದ ಮೆಂಜೀಸ್ ಅವರಿಗೂ ಒಂದು. ಇತ್ತೀಚಿನ ಕೆಲವು ತಲೆಗಳನ್ನು ಮಾಡಿದ್ದು ಪೀಟರ್ ನಿಕಲ್ಸನ್ ಎಂಬ ವ್ಯಂಗ್ಯಚಿತ್ರಕಾರ ಎಂದು ತಿಳಿದಾಗ ನನಗೆ ಸಂತೋಷವಾಯಿತು. ಪ್ರಧಾನಿಗಳ ಮೂಗು, ಗಲ್ಲ, ಹುಬ್ಬುಗಳನ್ನು ಅಷ್ಟು ವರ್ಷ ದಿಟ್ಟಿಸಿದವರು ಇನ್ನಾರು?

ನಾಯಿ ಹಿಡಿದುಕೊಂಡು ವಾಕಿಂಗ್ ಬಂದಿದ್ದ ಹಿರಿಯ ಹೆಂಗಸೊಬ್ಬರನ್ನು ಕೇಳಿದೆ, ರಡ್ ಮತ್ತೆ ಬಂದರಲ್ಲ, ಇನ್ನೊಂದು ಪ್ರತಿಮೆ ಏಕಿಲ್ಲ? "ಒಬ್ಬರಿಗೆ ಒಂದೇ ತಲೆ ತಾನೇ?" ಎಂದರು. ಆಮೇಲೆ ಅವರೇ ಮುಂದುವರಿಸಿದರು: "ಅವರನ್ನು ಇಳಿಸಬೇಕು ಅಂತ ನನಗೂ ಅನ್ನಿಸಿತ್ತು. ಆದರೆ ಇಳಿಸುವ ಕೆಲಸ ನನ್ನದಾಗಿತ್ತು."

ಊರಿಗೆ ಬಂದಮೇಲೂ ಈ ಮಾತು ನನ್ನನ್ನು ಬಿಟ್ಟಿಲ್ಲ. 2010ರಿಂದ 2018ರವರೆಗೆ ಎಂಟು ವರ್ಷದಲ್ಲಿ ಆಸ್ಟ್ರೇಲಿಯಾದ ನಾಲ್ವರು ಪ್ರಧಾನಿಗಳು ತಮ್ಮದೇ ಪಕ್ಷದ ಕೋಣೆಯೊಳಗೆ ಬಿದ್ದರು. ಮತದಾರರ ಕೈಯಲ್ಲಿ ಬಿದ್ದವರು ಒಬ್ಬರೇ, ಅದೇ ರಡ್, 2013ರ ಸೆಪ್ಟೆಂಬರ್‌ನಲ್ಲಿ. ಪ್ರತಿ ಸಲವೂ ಕೊಟ್ಟ ಕಾರಣ ಒಂದೇ: ಜನ ಬೇಸತ್ತಿದ್ದಾರೆ. ಅಲ್ಲಿ ಮತದಾನ 1924ರಿಂದ ಕಡ್ಡಾಯ, ಹಾಕದಿದ್ದರೆ ದಂಡ. ಮೂರು ವರ್ಷದೊಳಗೆ ಚುನಾವಣೆ ಬಂದೇ ಬರುತ್ತದೆ. ಬೇಸತ್ತ ಜನರಿಗೆ ಕಾಯುವ ಕಾಲ ಬಹಳವೇನಿಲ್ಲ. ಆದರೂ ಸಂಸದರಿಗೆ ತಡೆಯಲಾಗಲಿಲ್ಲ.

ನಮ್ಮಲ್ಲಿ ಈ ಕೆಲಸಕ್ಕೆ ಹೈಕಮಾಂಡ್ ಇದೆ, ವೀಕ್ಷಕರಿದ್ದಾರೆ, ಒಂದು ಸಾಲಿನ ನಿರ್ಣಯವಿದೆ, ತೀರಾ ಬೇಕಾದರೆ ರೆಸಾರ್ಟ್ ಇದೆ. ಅಲ್ಲಿ ಇವು ಯಾವುವೂ ಇಲ್ಲ. ಕ್ಯಾನ್‌ಬೆರಾದಲ್ಲಿ ಪಕ್ಷದ ಸಂಸದರು ಒಂದು ಕೋಣೆಯಲ್ಲಿ ಸೇರಿ ಬಾಗಿಲು ಹಾಕಿಕೊಳ್ಳುತ್ತಾರೆ. ನಾಯಕತ್ವ ಖಾಲಿ ಎಂದು ಘೋಷಿಸುವ ಗೊತ್ತುವಳಿ, ಅದನ್ನು ಅವರು ಸ್ಪಿಲ್ ಎನ್ನುತ್ತಾರೆ, ಆಮೇಲೆ ಗುಪ್ತಮತದಾನ. ಅರ್ಧ ಗಂಟೆಯಲ್ಲಿ ದೇಶಕ್ಕೆ ಹೊಸ ಪ್ರಧಾನಿ. ನಮ್ಮ ದೇವೇಗೌಡರು 1997ರ ಏಪ್ರಿಲ್‌ನಲ್ಲಿ ಕುರ್ಚಿ ಬಿಟ್ಟಿದ್ದು ಹೊರಗಿನಿಂದ ಬೆಂಬಲ ಕೊಟ್ಟಿದ್ದ ಕಾಂಗ್ರೆಸ್ ಕೈ ಎಳೆದುಕೊಂಡಿದ್ದಕ್ಕೆ. ಅದಕ್ಕೂ ಲೋಕಸಭೆಯಲ್ಲಿ ಚರ್ಚೆ ನಡೆಯಿತು, ದೇಶವೆಲ್ಲ ನೋಡುತ್ತಿರುವಾಗ ಮತ ಬಿತ್ತು. ಕ್ಯಾನ್‌ಬೆರಾದ ಕೋಣೆಯಲ್ಲಿ ಯಾರು ಯಾರಿಗೆ ಹಾಕಿದರು ಎಂಬುದು ಅವರವರ ಮನಸ್ಸಾಕ್ಷಿಗೆ ಬಿಟ್ಟ ವಿಷಯ.

ಇತಿಹಾಸವನ್ನು ಬೇಗ ಹೇಳಿ ಮುಗಿಸುತ್ತೇನೆ. 2007ರಲ್ಲಿ ಭರ್ಜರಿಯಾಗಿ ಗೆದ್ದುಬಂದ ರಡ್ 2010ರ ಏಪ್ರಿಲ್‌ನಲ್ಲಿ ತಮ್ಮ ಹವಾಮಾನ ಯೋಜನೆಯನ್ನು ಮುಂದೂಡಿದರು. ಮರುತಿಂಗಳು ಗಣಿಗಳ ಭಾರಿ ಲಾಭದ ಮೇಲೆ ತೆರಿಗೆ ಎಂದರು. ಗಣಿ ಕಂಪನಿಗಳು ಜಾಹೀರಾತುಗಳ ಮಳೆ ಸುರಿಸಿದವು, ರಡ್ ಜನಪ್ರಿಯತೆ ಕುಸಿಯಿತು. ಜೂನ್ 23ರ ರಾತ್ರಿ ಜನ ಮಲಗುವಾಗ ಅವರು ಪ್ರಧಾನಿ, ಮರುದಿನ ಮಧ್ಯಾಹ್ನದೊಳಗೆ ಅವರ ಉಪಪ್ರಧಾನಿಯಾಗಿದ್ದ ಗಿಲಾರ್ಡ್ ದೇಶದ ಮೊದಲ ಮಹಿಳಾ ಪ್ರಧಾನಿ. ಸಂಖ್ಯೆ ಕೂಡಿಬರದು ಎಂದು ರಡ್ ಸ್ಪರ್ಧೆಗೇ ನಿಲ್ಲಲಿಲ್ಲ. ಮುಂದಿನ ಮೂರು ವರ್ಷ ಅವರು ಗಿಲಾರ್ಡ್ ಬೆನ್ನ ಹಿಂದೆಯೇ ಇದ್ದರು. 2012ರಲ್ಲಿ 71–31ರಿಂದ ಸೋತು, 2013ರ ಜೂನ್ 26ರಂದು 57–45ರಿಂದ ಗೆದ್ದರು. ಆ ದಿನಗಳಲ್ಲೇ ಗಿಲಾರ್ಡ್ ಬ್ರಿಟನ್ನಿನ ರಾಜಮನೆತನದ ಹುಟ್ಟಲಿರುವ ಕೂಸಿಗೆ ಉಲನ್ ಕಾಂಗರೂ ಹೆಣೆಯುತ್ತ ಕೂತ ಫೋಟೊ ಮಹಿಳಾ ಪತ್ರಿಕೆಯೊಂದರಲ್ಲಿ ಬಂದಿತ್ತು. ಕುರ್ಚಿ ಉಳಿಸಿಕೊಳ್ಳಬೇಕಾದ ಹೊತ್ತಲ್ಲಿ ಹೆಣಿಗೆಯೇ ಎಂದು ಲೇವಡಿಯೋ ಲೇವಡಿ. ಗಂಡು ಪ್ರಧಾನಿಯೊಬ್ಬ ಆ ವಾರ ಕ್ರಿಕೆಟ್ ಆಡುವ ಫೋಟೊ ಬಂದಿದ್ದರೆ ಯಾರೂ ತುಟಿ ಬಿಚ್ಚುತ್ತಿರಲಿಲ್ಲ ಎಂದೇ ನನ್ನ ಅನಿಸಿಕೆ.

ಅಬಾಟ್ ಬಗ್ಗೆ ನನಗೆ ಹೆಚ್ಚು ಮಮತೆಯಿಲ್ಲ. ಟಾಸ್ಮೇನಿಯಾದ ತೋಟವೊಂದಕ್ಕೆ ಭೇಟಿ ಕೊಟ್ಟಾಗ ಹಸಿ ಈರುಳ್ಳಿಯನ್ನು ಸಿಪ್ಪೆ ಸಮೇತ ಕಚ್ಚಿ ತಿಂದ ಪ್ರಧಾನಿ ಎಂಬುದಷ್ಟೇ ನೆನಪು. ನಮ್ಮಲ್ಲಿ 1998ರಲ್ಲಿ ದೆಹಲಿಯ ಸರ್ಕಾರಕ್ಕೆ ಚುನಾವಣೆಯಲ್ಲಿ ಕಣ್ಣೀರು ತರಿಸಿದ ಈರುಳ್ಳಿ ಅಲ್ಲಿ ಬರೀ ನಗೆಗೀಡಾಯಿತು. ಅವರ ಬುಡ ಅಲ್ಲಾಡಿಸಿದ್ದು ಬೇರೆಯದೇ. 2015ರ ಜನವರಿ 26ರಂದು, ಸಂಪುಟದ ಸಹೋದ್ಯೋಗಿಗಳನ್ನು ಕೇಳದೆ, ರಾಣಿಯ ಗಂಡ ಪ್ರಿನ್ಸ್ ಫಿಲಿಪ್‌ಗೆ ಆಸ್ಟ್ರೇಲಿಯಾದ ನೈಟ್ ಪದವಿ ಕೊಟ್ಟರು. ದೇಶ ನಕ್ಕಿತು, ಪಕ್ಷ ನಗಲಿಲ್ಲ. ಎರಡು ವಾರದಲ್ಲಿ ಅವರ ವಿರುದ್ಧ ಸ್ಪಿಲ್ ಗೊತ್ತುವಳಿ ಬಂತು. ಎದುರಿಗೆ ನಿಂತವರು ಯಾರೂ ಇಲ್ಲ. ಆದರೂ 39 ಮಂದಿ ಅವರು ಬೇಡ ಎಂದರು, 61 ಮಂದಿ ಇರಲಿ ಎಂದರು. ಸೆಪ್ಟೆಂಬರ್ 14ರಂದು ಮಾಲ್ಕಮ್ ಟರ್ನ್‌ಬುಲ್ 54–44ರಿಂದ ಅವರನ್ನು ಇಳಿಸಿದರು.

ಟರ್ನ್‌ಬುಲ್ ಅವತ್ತು ಕೊಟ್ಟ ಕಾರಣಗಳಲ್ಲಿ ಒಂದನ್ನು ಗಮನಿಸಬೇಕು. ಸತತ 30 ನ್ಯೂಸ್‌ಪೋಲ್ ಸಮೀಕ್ಷೆಗಳಲ್ಲಿ ನಾವು ಸೋತಿದ್ದೇವೆ ಎಂದರು. ದಿನಪತ್ರಿಕೆಯೊಂದು ಎರಡು ಮೂರು ವಾರಕ್ಕೊಮ್ಮೆ ಪ್ರಕಟಿಸುವ ಜನಾಭಿಪ್ರಾಯ ಸಮೀಕ್ಷೆ ಅದು. ಹಾಗೆ ಹೇಳಿದ್ದೇ ಅವರ ಕೊರಳಿಗೆ ಉರುಳಾಯಿತು. ಅವತ್ತಿನಿಂದ ಇಡೀ ದೇಶ ಟರ್ನ್‌ಬುಲ್ ಸೋಲುಗಳನ್ನು ಎಣಿಸತೊಡಗಿತು. 2018ರ ಏಪ್ರಿಲ್‌ನಲ್ಲಿ ಅವರದೂ ಮೂವತ್ತಾಯಿತು. ಆಗಸ್ಟ್‌ ಹೊತ್ತಿಗೆ 38. ಮುಂದಿನ ವರ್ಷ ಇದೇ ನ್ಯೂಸ್‌ಪೋಲ್ ಚುನಾವಣೆಯ ಮುನ್ನಾದಿನವೂ ರಡ್ ಅವರ ಲೇಬರ್ ಪಕ್ಷ ಮುಂದಿದೆ ಎಂದಿತು, ಗೆದ್ದವರು ಎದುರಾಳಿಗಳು. ಸೋಲು ಗೆಲುವನ್ನೇ ತಪ್ಪು ಹೇಳಬಲ್ಲ ಸಮೀಕ್ಷೆಯನ್ನು ನಂಬಿ ಪ್ರಧಾನಿಗಳನ್ನು ಇಳಿಸುತ್ತಿದ್ದರು ಎಂಬುದನ್ನು ಅಲ್ಲಿನ ಪತ್ರಿಕೆಗಳು ಅಷ್ಟಾಗಿ ಚರ್ಚಿಸಿದಂತೆ ನನಗೆ ಕಾಣಲಿಲ್ಲ.

ಈ ಸಾಲಿನಲ್ಲಿ ನಾನು ಹೆಚ್ಚು ಹೊತ್ತು ನಿಂತಿದ್ದು ಇವರ್ಯಾರ ಮುಂದೆಯೂ ಅಲ್ಲ, ಜಾನ್ ಗಾರ್ಟನ್ ಮುಂದೆ. ಎರಡನೇ ಮಹಾಯುದ್ಧದಲ್ಲಿ ಯುದ್ಧವಿಮಾನದ ಪೈಲಟ್. 1942ರ ಜನವರಿಯಲ್ಲಿ ಸಿಂಗಪುರದ ಬಳಿ ವಿಮಾನ ನೆಲಕ್ಕಪ್ಪಳಿಸಿ ಮುಖ ಜಜ್ಜಿಹೋಯಿತು. ಅಲ್ಲಿಂದ ಅವರನ್ನು ಸಾಗಿಸುತ್ತಿದ್ದ ಹಡಗಿಗೆ ಟಾರ್ಪಿಡೊ ಬಡಿದು ತೆಪ್ಪದ ಮೇಲೆ ಸಮುದ್ರದಲ್ಲಿ ತೇಲಿದರು. ವೈದ್ಯರು ಮುಖವನ್ನು ಮತ್ತೆ ಜೋಡಿಸಿದರು. ಮೂಗು ಮಾತ್ರ ಮೊದಲಿನಂತಾಗಲಿಲ್ಲ. ಆ ಮೂಗಿಗಾಗಿಯೇ ನಾನು ಕಂಬದ ಸುತ್ತ ತಿರುಗಿದೆ. 1967ರ ಡಿಸೆಂಬರ್‌ನಲ್ಲಿ ಪ್ರಧಾನಿ ಹೆರಾಲ್ಡ್ ಹೋಲ್ಟ್ ಚೀವಿಯಟ್ ಬೀಚಿನಲ್ಲಿ ಈಜಲು ಇಳಿದವರು ಮತ್ತೆ ಕಾಣಲಿಲ್ಲ, ಶವವೂ ಸಿಗಲಿಲ್ಲ. ಆ ಜಾಗಕ್ಕೆ ಬಂದವರು ಗಾರ್ಟನ್. ಆಗ ಸೆನೆಟರ್ ಆಗಿದ್ದವರು ಹೋಲ್ಟ್ ಅವರದೇ ಕ್ಷೇತ್ರದ ಉಪಚುನಾವಣೆ ಗೆದ್ದು ಕೆಳಮನೆಗೆ ಬಂದರು.

1971ರ ಮಾರ್ಚ್‌ನಲ್ಲಿ ರಕ್ಷಣಾ ಸಚಿವ ಮಾಲ್ಕಮ್ ಫ್ರೇಸರ್, ಪ್ರಧಾನಿ ನನಗೆ ನಿಷ್ಠರಾಗಿರಲಿಲ್ಲ ಎಂದು ಆರೋಪಿಸಿ ರಾಜೀನಾಮೆ ಎಸೆದರು. ಮಾರ್ಚ್ 10ರಂದು ಪಕ್ಷದ ಕೋಣೆಯಲ್ಲಿ ಗಾರ್ಟನ್ ಮೇಲೆ ವಿಶ್ವಾಸಮತ. ಫಲಿತಾಂಶ 33–33. ನಮ್ಮಲ್ಲಾಗಿದ್ದರೆ ಆ ಕ್ಷಣದಲ್ಲಿ ಎಷ್ಟು ಫೋನ್‌ಗಳು ಹೋಗುತ್ತಿದ್ದವು, ಎಷ್ಟು ನಿಗಮ ಮಂಡಳಿಗಳ ಅಧ್ಯಕ್ಷಗಿರಿ ಹಂಚಿಕೆಯಾಗುತ್ತಿತ್ತು! ಸಮಸಮ ಎಂದರೆ ವಿಶ್ವಾಸ ಎಂದಾಗುವುದಿಲ್ಲ ಎಂದು ಗಾರ್ಟನ್ ಎದ್ದರು, ಪ್ರಧಾನಿ ಪದವಿ ಬಿಟ್ಟರು. ತಮ್ಮ ಮತದಿಂದಲೇ ತಮ್ಮನ್ನು ಇಳಿಸಿಕೊಂಡ ಪ್ರಧಾನಿ ಎಂದು ಅಲ್ಲಿ ಈಗಲೂ ಕಥೆ ಹೇಳುತ್ತಾರೆ. ಅದಕ್ಕಿಂತ ಸ್ವಾರಸ್ಯ ಆಮೇಲಿನದು: ಅದೇ ಸಭೆಯಲ್ಲಿ ಉಪನಾಯಕ ಸ್ಥಾನಕ್ಕೆ ನಿಂತು ಗೆದ್ದರು! ಹೊಸ ಪ್ರಧಾನಿ ಮ್ಯಾಕ್‌ಮಹನ್ ಅವರ ಸಂಪುಟದಲ್ಲಿ ರಕ್ಷಣಾ ಸಚಿವರಾದರು, ಅಂದರೆ ತಮ್ಮನ್ನು ಬೀಳಿಸಿದ ಫ್ರೇಸರ್ ಖಾತೆಯಲ್ಲೇ ಕೂತರು. ಆಗಸ್ಟ್‌ನಲ್ಲಿ ಪತ್ರಿಕೆಗೆ 'ನನ್ನ ದಾರಿ ನನ್ನದು' ಎಂಬ ಧಾಟಿಯ ಲೇಖನಮಾಲೆ ಬರೆದು ಅಲ್ಲಿಂದಲೂ ವಜಾ ಆದರು. ಫ್ರೇಸರ್ ಅವರನ್ನು ಗಾರ್ಟನ್ ಕೊನೆಯವರೆಗೂ ಕ್ಷಮಿಸಲಿಲ್ಲ. ಫ್ರೇಸರ್ ಕೂಡ ಮುಂದೆ ಪ್ರಧಾನಿಯಾದ್ದರಿಂದ ಇಬ್ಬರೂ ಈ ತೋಟದಲ್ಲಿ ಒಂದೇ ಸಾಲಿನ ಸಂಗಾತಿಗಳು, ಅದಕ್ಕೇನೂ ಮಾಡುವಂತಿಲ್ಲ.

ನಾನು ನೋಡಿಬಂದ ಮೇಲೆ, 2025ರ ಜನವರಿಯಲ್ಲಿ, ಕಿಡಿಗೇಡಿಗಳು ಈ ತೋಟಕ್ಕೆ ನುಗ್ಗಿ ಹಲವು ಪ್ರತಿಮೆಗಳನ್ನು ಹಾಳು ಮಾಡಿದರು. ಪಾಲ್ ಕೀಟಿಂಗ್ ಮತ್ತು ಕೆವಿನ್ ರಡ್ ಅವರ ತಲೆಗಳನ್ನು ಕೊಯ್ದು ಒಯ್ದರು. ಕೀಟಿಂಗ್ ಎಂದರೆ 1991ರ ಡಿಸೆಂಬರ್‌ನಲ್ಲಿ ತಮ್ಮದೇ ಪಕ್ಷದ ಬಾಬ್ ಹಾಕ್ ಅವರನ್ನು 56–51ರಿಂದ ಇಳಿಸಿ ಪ್ರಧಾನಿಯಾದವರು. ರಡ್ ಕಥೆ ಆಗಲೇ ಹೇಳಿದೆ. ನಾಯಕನನ್ನು ಬೀಳಿಸಿ ಮೇಲೆ ಬಂದ ಇಬ್ಬರ ತಲೆಯೇ ಹೋಗಿದ್ದು. ಕಳ್ಳರಿಗೆ ಗೊತ್ತಿದ್ದದ್ದು ಇತಿಹಾಸವೋ ಕಂಚಿನ ಗುಜರಿ ರೇಟೋ, ಹೇಳುವುದು ಕಷ್ಟ.

ಇನ್ನು 2018ರ ಆಗಸ್ಟ್. ನಾನು ಓದಿದ ರಾಜಕೀಯ ವಾರಗಳಲ್ಲೆಲ್ಲ ಅದಕ್ಕೆ ಸಾಟಿ ಇನ್ನೊಂದಿಲ್ಲ. ಮಂಗಳವಾರ ಟರ್ನ್‌ಬುಲ್ ತಾವೇ ಸ್ಥಾನ ಖಾಲಿ ಎಂದು ಘೋಷಿಸಿ, ತಮ್ಮದೇ ಪಕ್ಷದ ಪೀಟರ್ ಡಟನ್ ಅವರನ್ನು 48–35ರಿಂದ ಸೋಲಿಸಿದರು. ಗೆದ್ದರೂ ಗಾಯ ಕಾಣಿಸಿತು. ಡಟನ್ ಬಣ ಮತ್ತೆ ಸಭೆ ಕರೆಯಿರಿ ಎಂದಿತು. ಬಹುಮತದಷ್ಟು, ಅಂದರೆ 43 ಸಹಿಗಳಿರುವ ಪತ್ರ ತನ್ನಿ, ಹೆಸರುಗಳನ್ನು ದೇಶ ನೋಡಲಿ ಎಂದರು ಟರ್ನ್‌ಬುಲ್. ಕತ್ತಲಲ್ಲಿ ಮತ ಹಾಕುವವರನ್ನು ಬೆಳಕಿಗೆ ತರುವ ಉಪಾಯ. ಸಹಿಗಳು ನಿಧಾನವಾಗಿ ಕೂಡುತ್ತ ಬಂದವು. ನಲವತ್ತಮೂರನೆಯ ಸಹಿ ಹಾಕಿದವರು ಉತ್ತರ ಕ್ವೀನ್ಸ್‌ಲ್ಯಾಂಡಿನ ವಾರನ್ ಎಂಟ್ಷ್. ಸಹಿಯ ಪಕ್ಕ ಅವರು ಬರೆದಿದ್ದು: ಬ್ರೆಂಡನ್ ನೆಲ್ಸನ್‌ಗಾಗಿ. ಹತ್ತು ವರ್ಷದ ಹಿಂದೆ, 2008ರಲ್ಲಿ, ವಿರೋಧ ಪಕ್ಷದ ನಾಯಕರಾಗಿದ್ದ ನೆಲ್ಸನ್ ಅವರನ್ನು 45–41ರಿಂದ ಇಳಿಸಿದವರು ಇದೇ ಟರ್ನ್‌ಬುಲ್. ಜನರ ಅಸಮಾಧಾನ, ಸಮೀಕ್ಷೆ, ದೇಶದ ಭವಿಷ್ಯ ಎಂದು ವಾರವಿಡೀ ಮಾತಾಡಿದ ಮೇಲೆ ಕೊನೆಯ ಸಹಿಗೆ ಸಾಕಾಗಿದ್ದು ಒಂದು ಹಳೆಯ ಗೆಳೆತನ.

ಇದೆಲ್ಲ ಆದಮೇಲೆ ನಿಯಮಗಳು ಬಿಗಿಯಾದವು. ರಡ್ 2013ರಲ್ಲೇ ಲೇಬರ್ ಪಕ್ಷದಲ್ಲಿ ಹಾಲಿ ಪ್ರಧಾನಿಯನ್ನು ಇಳಿಸಲು ಶೇ 75ರಷ್ಟು ಸಂಸದರ ಸಹಿ ಬೇಕು ಎಂದು ಮಾಡಿಸಿದ್ದರು. ತಾವು ಏರಿದ ಏಣಿಯನ್ನು ತಾವೇ ಒದ್ದ ಹಾಗೆ. ಲಿಬರಲ್ ಪಕ್ಷದವರು 2018ರ ಡಿಸೆಂಬರ್‌ನಲ್ಲಿ ಮೂರನೇ ಎರಡರಷ್ಟು ಬೆಂಬಲ ಇರಲೇಬೇಕು ಎಂದರು. ಅಂದಿನಿಂದ ಅಲ್ಲಿನ ಹಾಲಿ ಪ್ರಧಾನಿಗಳು ನೆಮ್ಮದಿಯಾಗಿ ನಿದ್ರೆ ಮಾಡುತ್ತಿದ್ದಾರೆ. ಡಟನ್ ಮುಂದೆ ವಿರೋಧ ಪಕ್ಷದ ನಾಯಕರಾಗಿ 2025ರ ಚುನಾವಣೆಯಲ್ಲಿ ತಮ್ಮ ಸ್ವಂತ ಕ್ಷೇತ್ರವನ್ನೇ ಕಳೆದುಕೊಂಡರು. ಆ ಸಲ ಕೆಲಸ ಮತದಾರರದಾಗಿತ್ತು.

ಆದರೆ 'ಜನ ಬಯಸಿದ್ದರಿಂದ ನಾಯಕ ಬದಲಾದ' ಎಂಬ ಮಾತನ್ನು ಯಾರಾದರೂ ಹೇಳಿದರೆ, 2018ರ ಆ ವಾರದ ಶುಕ್ರವಾರ, ಆಗಸ್ಟ್ 24ರ ಮೊದಲ ಸುತ್ತಿನ ಲೆಕ್ಕ ನೋಡಿ ಎನ್ನುತ್ತೇನೆ. ಸ್ಪಿಲ್ ಗೊತ್ತುವಳಿ 45–40ರಿಂದ ಗೆದ್ದಿತು, ಟರ್ನ್‌ಬುಲ್ ಹೊರನಡೆದರು. ಕಣದಲ್ಲಿ ಮೂವರು: ಡಟನ್ 38, ಸ್ಕಾಟ್ ಮಾರಿಸನ್ 36, ಜೂಲಿ ಬಿಷಪ್ 11. ಹನ್ನೊಂದು ವರ್ಷದಿಂದ ಪಕ್ಷದ ಉಪನಾಯಕಿಯಾಗಿದ್ದ, ವಿದೇಶಾಂಗ ಸಚಿವೆಯಾಗಿದ್ದ ಬಿಷಪ್, ಆ ಮೂವರಲ್ಲಿ ಸಾರ್ವಜನಿಕ ಸಮೀಕ್ಷೆಗಳ ಪ್ರಕಾರ ಜನರಿಗೆ ಹೆಚ್ಚು ಬೇಕಾಗಿದ್ದವರು. ಸಮೀಕ್ಷೆಯ ಹೆಸರಲ್ಲಿ ಪ್ರಧಾನಿಯನ್ನು ಇಳಿಸಿದ ಕೋಣೆ, ಸಮೀಕ್ಷೆಯಲ್ಲಿ ಮುಂದಿದ್ದವರನ್ನು ಮೊದಲ ಸುತ್ತಿನಲ್ಲೇ ಆಚೆ ಕಳಿಸಿತು. ಎರಡನೇ ಸುತ್ತಿನಲ್ಲಿ ಮಾರಿಸನ್ 45–40ರಿಂದ ಗೆದ್ದರು. ಬಿಷಪ್‌ಗೆ ಮತ ಹಾಕಿದರೆ ಡಟನ್ ಗೆದ್ದುಬಿಡುತ್ತಾರೆ, ಎಲ್ಲರೂ ಮಾರಿಸನ್‌ಗೆ ಹಾಕಿ ಎಂದು ಅವರದೇ ಒಲವಿನ ಸಂಸದರು ವಾಟ್ಸ್ಆ್ಯಪ್‌ನಲ್ಲಿ ಮಾತಾಡಿಕೊಂಡಿದ್ದು ಎರಡು ದಿನದಲ್ಲಿ ಟಿವಿಗೆ ಸೋರಿಕೆಯಾಯಿತು. ಆ ಗುಂಪಿಗೆ ಅವರು ಇಟ್ಟುಕೊಂಡಿದ್ದ ಹೆಸರು 'ಫ್ರೆಂಡ್ಸ್ ಫಾರ್ ಸ್ಟೆಬಿಲಿಟಿ'.