ಟ್ರ್ಯಾಕ್ಟರ್ ಹಾಡಿಗೆ ಕುಣಿಯುವವರು ಯಾರು? ಕಿವಿ ಮುಚ್ಚುವವರು ಯಾರು?

ಕಬ್ಬಿನ ಹಂಗಾಮಿನಲ್ಲಿ ಮುಗಳಖೋಡದ ಬಸ್ ನಿಲ್ದಾಣದ ಹತ್ತಿರ ಸಂಜೆ ಹೊತ್ತು ನಿಂತವರು ಹಾಡು ಹುಡುಕಿಕೊಂಡು ಹೋಗಬೇಕಾಗಿಲ್ಲ. ಹಾಡೇ ಹುಡುಕಿಕೊಂಡು ಬರುತ್ತದೆ. ಎರಡು ಟ್ರೇಲರ್ ಎಳೆದುಕೊಂಡು ಟ್ರ್ಯಾಕ್ಟರ್ ಕಣ್ಣಿಗೆ ಬೀಳುವ ಮೊದಲೇ ಅದರ ಹಾಡು ಬಂದು ಮುಟ್ಟಿರುತ್ತದೆ. ಗಾಡಿ ದಾಟಿ ಗುರ್ಲಾಪುರ ಕಡೆ ಹೋದ ಮೇಲೂ ಅಂಗಡಿಯ ತಗಡು ಗದಗುಡುವುದು ನಿಂತಿರುವುದಿಲ್ಲ. ಚಹಾದಂಗಡಿಯಲ್ಲಿ ಕಪ್ಪು-ಬಸಿ ಕೈಯಲ್ಲಿ ಹಿಡಿದವರು ಮಾತು ನಿಲ್ಲಿಸಿ ಕೂಡುತ್ತಾರೆ. ನಿಲ್ದಾಣದ ಕಟ್ಟೆಯ ಮೇಲಿನ ಕಾಲೇಜು ಹುಡುಗರ ಕಾಲು ಮಾತ್ರ ತಾನಾಗಿಯೇ ತಾಳ ಹಾಕುತ್ತದೆ.

ಈ ಹಾಡು ಸಿನಿಮಾದ್ದಲ್ಲ. ಬೆಂಗಳೂರಿನಲ್ಲಿ ಹುಟ್ಟಿದ್ದಲ್ಲ, ಮುಂಬೈಯಿಂದ ಬಂದದ್ದೂ ಅಲ್ಲ. ಪಕ್ಕದ ಹಳ್ಳಿಯ ಹುಡುಗ ಬರೆದದ್ದು, ಅದರ ಪಕ್ಕದ ಹಳ್ಳಿಯ ಹುಡುಗ ಹಾಡಿದ್ದು. ಇಂಥ ಸಂಗೀತಕ್ಕೆ ಶಹರದ ಮಂದಿ 'ಇಂಡಿ ಮ್ಯೂಜಿಕ್' ಎನ್ನುತ್ತಾರೆ. ಈ ಕಡೆಯವರಿಗೆ ಇಂಡಿ ಅಂದರೆ ವಿಜಯಪುರ ಜಿಲ್ಲೆಯ ಲಿಂಬೆಹಣ್ಣಿನ ಊರು. ಆದರೆ ಅದು ಬೇರೆ, ಇದು ಬೇರೆ. ಇಂಡಿಪೆಂಡೆಂಟ್ ಎಂಬ ಇಂಗ್ಲಿಷ್ ಶಬ್ದದ ಬಾಲ ಕತ್ತರಿಸಿದಾಗ ಉಳಿದದ್ದು ಈ ಇಂಡಿ. ದೊಡ್ಡ ಕಂಪನಿಯ ಹಂಗಿಲ್ಲದೆ ಸ್ವಂತ ರೊಕ್ಕದಲ್ಲಿ ಮಾಡಿ ಹಂಚಿದ ಹಾಡು ಎಂದು ಅರ್ಥ.

ಹಾಗೆ ನೋಡಿದರೆ ಇದು ಬಹಳ ಹೊಸದೂ ಅಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಎಂದರೆ ಬಟ್ಟೆ ಗಿರಣಿಗಳ ಊರು. ಅಲ್ಲಿ 1977ರ ಜನವರಿಯಲ್ಲಿ ಬಜ್‌ಕಾಕ್ಸ್ ಎಂಬ ಹುಡುಗರ ಮೇಳವೊಂದು ಮನೆಯವರ, ಗೆಳೆಯರ ಹತ್ತಿರ 500 ಪೌಂಡ್ ಕೈಗಡ ತಂದು ತಮ್ಮ ರೆಕಾರ್ಡನ್ನು ತಾವೇ ಅಚ್ಚು ಮಾಡಿಸಿತು. ಮೊದಲು ಮಾಡಿಸಿದ್ದು 1,000 ಪ್ರತಿ. ಅವು ಹೋದದ್ದೇ ಗೊತ್ತಾಗಲಿಲ್ಲ. ಕಂಪನಿಯವರ ಬಾಗಿಲು ಕಾಯದೆಯೂ ಹಾಡು ತರಬಹುದು ಎಂಬ ಧೈರ್ಯ ಆ ದೇಶದ ಹುಡುಗರಿಗೆ ಬಂದದ್ದು ಅಂಥ ಸಾಹಸಗಳಿಂದ. ರಾಯಬಾಗ ತಾಲೂಕಿನ ಹುಡುಗರು ಆ ಮೇಳದ ಹೆಸರು ಕೇಳಿರಲಿಕ್ಕಿಲ್ಲ. ಆದರೆ ಮಾಡಿದ್ದು ಅದನ್ನೇ.

ನಿಪನಾಳದಿಂದ ಟಿ.ವಿ.ವರೆಗೆ

ಇದಕ್ಕೆ ದೂರದ ಉದಾಹರಣೆ ಬೇಡ. ಇದೇ ತಾಲೂಕಿನ ನಿಪನಾಳದ ಮಾಳು ನಿಪನಾಳ ಸಾಕು. 'ನಾ ಡ್ರೈವರ್' ಎಂಬ ಹಾಡಿನಿಂದ ಈ ಗಾಯಕನ ಹೆಸರು ರಾಜ್ಯದ ಮೂಲೆ ಮೂಲೆಗೆ ಹೋಯಿತು. ಹಳೇ ಮೈಸೂರು ಕಡೆಯ ಮದುವೆ ಮೆರವಣಿಗೆಯಲ್ಲಿಯೂ ಬೆಳಗಾವಿ ಜಿಲ್ಲೆಯ ಮಾತು ಕುಣಿಯತೊಡಗಿತು. 2025ರ ಸೆಪ್ಟೆಂಬರ್ ಕೊನೆಗೆ ಸುರುವಾದ ಬಿಗ್ ಬಾಸ್ ಕನ್ನಡದ 12ನೇ ಕಂತಿನ ಮನೆಯೊಳಗೂ ಮಾಳು ಕಾಲಿಟ್ಟರು. ಆ ದಿನಗಳಲ್ಲಿ ರಾಯಬಾಗ ಸೀಮೆಯ ಕಟ್ಟೆ ಕಟ್ಟೆಯ ಮೇಲೆ ಇದೇ ಮಾತು. ಮುದ್ದೇಬಿಹಾಳ ಕಡೆಯ ಪರಸು ಕೋಲೂರ ಅವರ ಹಾಡುಗಳು ಇದಕ್ಕೂ ಮೊದಲೇ ಊರೂರು ಸುತ್ತಿದ್ದವು. ಬಾಳು ಬೆಳಗುಂದಿ ಅವರನ್ನು ಸರಿಗಮಪ ವೇದಿಕೆಯ ಮೇಲೆ ಜನ ಕಂಡರು.

ಮೊದಲು 'ಹಳ್ಳಿ ಭಾಷಾ' ಎಂದು ಮೂಗು ಮುರಿಯುತ್ತಿದ್ದವರೇ ಈಗ ಮೊಬೈಲಿನಲ್ಲಿ ಆ ಹಾಡು ಹಚ್ಚಿ ಕೇಳುತ್ತಾರೆ. ಸಿನಿಮಾದವರು ಬಂದು ಕೈ ಹಿಡಿಯಲಿ ಎಂದು ಕಾದಿದ್ದರೆ ಇದು ಆಗುತ್ತಿರಲಿಲ್ಲ.

ಕ್ಯಾಸೆಟ್ ಅಂಗಡಿ ಹೋಯಿತು, ಪೆನ್ ಡ್ರೈವ್ ಬಂತು

ಹಾಡು ಈ ನೆಲಕ್ಕೆ ಹೊಸದಲ್ಲ. ಶ್ರೀಕೃಷ್ಣ ಪಾರಿಜಾತ ಆಟಕ್ಕೆ ಹೆಸರಾದ ಕುಲಗೋಡ ತಮ್ಮಣ್ಣ, ಆ ಆಟ ಕಟ್ಟಿ ಆಡಿದ ಕೌಜಲಗಿ ನಿಂಗಮ್ಮ ಇಬ್ಬರೂ ಪಕ್ಕದ ಗೋಕಾಕ ಸೀಮೆಯವರು. ಡೊಳ್ಳಿನ ಪದ, ಗೀಗೀ ಪದ, ಚೌಡಕಿ ಪದ, ಭಜನಾ ಪದ ಎಲ್ಲವೂ ಇಲ್ಲಿ ರಾತ್ರಿ ಬೆಳತನಕ ನಡೆದಂಥವೇ. ಆಮೇಲೆ ಕ್ಯಾಸೆಟ್ ಕಾಲ ಬಂತು. 1980ರ ದಶಕದಲ್ಲಿ ಕ್ಯಾಸೆಟ್ ಅಗ್ಗವಾಗಿ, ಗುರುರಾಜ ಹೊಸಕೋಟಿ ಅವರಂಥವರ ಜಾನಪದ ಹಾಡು ಟೇಪ್ ರಿಕಾರ್ಡರಿನ ಬೆನ್ನೇರಿ ಹೊಲದ ಮನೆಗಳಿಗೂ ಹೋಯಿತು. ಬಸ್ ಸ್ಟ್ಯಾಂಡ್ ಬಾಜೂಕ ಒಂದು ಕ್ಯಾಸೆಟ್ ಅಂಗಡಿ ಇಲ್ಲದ ಊರೇ ಇರಲಿಲ್ಲ.

ಕ್ಯಾಸೆಟ್ ಹೋಗಿ ಸಿ.ಡಿ. ಬಂತು. ಸಿ.ಡಿ. ಹೋಗಿ ಮೆಮರಿ ಕಾರ್ಡ್ ಬಂತು. ಹತ್ತು ರೂಪಾಯಿ ಇಪ್ಪತ್ತು ರೂಪಾಯಿ ಕೊಟ್ಟು ಕಾರ್ಡಿಗೆ ಹಾಡು ತುಂಬಿಸಿಕೊಂಡು ಹೋಗುವ ಗಿರಾಕಿಗಳಿಂದ ಮೊಬೈಲ್ ಅಂಗಡಿಯವರು ಒಂದಷ್ಟು ವರ್ಷ ಹೊಟ್ಟೆ ಹೊರೆದರು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ನೆಟ್ ಅಗ್ಗವಾಯಿತು. ಆ ಧಂದೆಯೂ ಮುಗಿಯಿತು. ಈಗ ಹಾಡು ಮೊದಲು ಯೂಟ್ಯೂಬಿಗೆ, ಅಲ್ಲಿಂದ ಪೆನ್ ಡ್ರೈವಿಗೆ, ಪೆನ್ ಡ್ರೈವಿನಿಂದ ಟ್ರ್ಯಾಕ್ಟರಿಗೆ. ಹೊಸ ಹಾಡು ಯಾವುದು ಎಂದು ತಿಳಿಯಲು ಅಂಗಡಿಗೆ ಹೋಗಬೇಕಿಲ್ಲ, ರಸ್ತೆಗೆ ಬಂದು ನಿಂತರೆ ಸಾಕು.

ಹಾಡು ತಯಾರಾಗುವ ಬಗೆಯೂ ನೋಡತಕ್ಕದ್ದೇ. ಒಬ್ಬ ಮೊಬೈಲಿನಲ್ಲಿ ಪದ ಕುಟ್ಟುತ್ತಾನೆ. ತಾಲೂಕು ಊರಿನ ಸಣ್ಣ ಸ್ಟುಡಿಯೋದಲ್ಲಿ ಕೀಬೋರ್ಡಿನವ ಟ್ರ್ಯಾಕ್ ಕಟ್ಟಿಕೊಡುತ್ತಾನೆ. ಕಬ್ಬಿನ ಹೊಲದಲ್ಲಿ, ಕಾಲುವೆ ದಂಡೆಯ ಮೇಲೆ, ಹೊಸ ಟ್ರ್ಯಾಕ್ಟರಿನ ಮುಂದೆ ಶೂಟಿಂಗ್ ಆಗುತ್ತದೆ. ಮುಂದೆ ಡಿ.ಜೆ.ಯವರ ಕೈಗೆ ಹೋಗಿ ಅದೇ ಹಾಡಿಗೆ ಡಬಲ್ ಹೊಡೆತ ಬೀಳುತ್ತದೆ, ನಡುನಡುವೆ ಆ ಡಿ.ಜೆ.ಯ ಹೆಸರೂ ಕೂಗುತ್ತದೆ. ಕೊನೆಯ ನುಡಿಯಲ್ಲಿ ಬರೆದವನ ಹೆಸರು, ಅವನ ಊರು ಬಂದೇ ಬರುತ್ತವೆ. ಲಾವಣಿಕಾರರೂ ಗೀಗೀ ಪದದವರೂ ಹೀಗೆಯೇ ಊರ ಹೆಸರು ಇಟ್ಟು ಮುಗಿಸುತ್ತಿದ್ದರು. ಮಷಿನ್ನು ಬದಲಾಯಿತೇ ವಿನಾ ರೂಢಿ ಬದಲಾಗಿಲ್ಲ.

ಬರೆದವನ ಕಿಸೆಗೆ ಎಷ್ಟು?

ಹಾಡಿಗೆ ಲಕ್ಷಗಟ್ಟಲೆ ನೋಟ ಬಿದ್ದವು ಎಂಬ ಸುದ್ದಿ ಊರಿಗೆಲ್ಲ ಗೊತ್ತು. ಬರೆದವನಿಗೆ ಏನು ಬಂತು ಎಂದು ಕೇಳುವವರು ಕಡಿಮೆ. ಯೂಟ್ಯೂಬ್ ಜಾಹೀರಾತಿನ ಪಾಲು ಕೊಡುವುದು ಚಾನೆಲ್ ಯಾರ ಹೆಸರಿನಲ್ಲಿದೆಯೋ ಅವರಿಗೆ. ಅದಕ್ಕೂ ಲೆಕ್ಕವಿದೆ. ಸಾಮಾನ್ಯವಾಗಿ ಚಾನೆಲ್ಲಿಗೆ 1,000 ಚಂದಾದಾರರು ಇರಬೇಕು, ಹಿಂದಿನ 12 ತಿಂಗಳಲ್ಲಿ ಜನ ಅದನ್ನು 4,000 ತಾಸು ನೋಡಿರಬೇಕು. ಪದ ಬರೆದು 'ದೋಸ್ತಗ ಕೊಟ್ಟೇನಿ' ಎಂದು ಸುಮ್ಮನಾದವನ ಕಿಸೆ ಖಾಲಿಯೇ.

ಆದರೆ ಕಾಯ್ದೆ ಅವನ ಕೈ ಬಿಟ್ಟಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಪದದ ಮೊದಲ ಹಕ್ಕು ಸಾಮಾನ್ಯವಾಗಿ ಬರೆದವನದೇ. ಅದಕ್ಕೆ ರಿಜಿಸ್ಟರ್ ಮಾಡಿಸಲೇಬೇಕೆಂಬ ಕಡ್ಡಾಯವಿಲ್ಲ. ಹಕ್ಕು ಬೇರೆಯವರಿಗೆ ಹೋಗಬೇಕಾದರೆ ಬರಹದಲ್ಲಿ, ಸಹಿ ಸಮೇತ ಆಗಬೇಕು. ಎಷ್ಟು ವರ್ಷಕ್ಕೆ ಕೊಟ್ಟದ್ದು ಎಂದು ಕಾಗದದಲ್ಲಿ ಬರೆಯದಿದ್ದರೆ ಅದು ಐದೇ ವರ್ಷಕ್ಕೆ ಎಂದು ಲೆಕ್ಕ. 2012ರ ತಿದ್ದುಪಡಿ ಬಂದ ಮೇಲೆ ಪದ ಬರೆದವರ, ಚಾಲು ಕಟ್ಟಿದವರ ರಾಯಲ್ಟಿ ಪಾಲಿಗೆ ಇನ್ನೂ ಗಟ್ಟಿ ರಕ್ಷಣೆ ಸಿಕ್ಕಿದೆ. ಟ್ರ್ಯಾಕ್ಟರ್ ಕೊಳ್ಳುವಾಗ ಹತ್ತು ಕಾಗದ ಓದಿಸಿ ಸಹಿ ಹಾಕುವವರು ಹಾಡು ಕೊಡುವಾಗ ಒಂದು ಕಾಗದವನ್ನಾದರೂ ಓದಿಸಿದರೆ ಒಳ್ಳೆಯದು.

ಕುಣಿಯಬೇಡ ಅಂದವರಿಲ್ಲ

ಜಾತ್ರೆ, ಮದುವೆ, ಗಣಪತಿ, ಹುಟ್ಟುಹಬ್ಬ, ಇಲೆಕ್ಷನ್ ಗೆಲುವು ಹೀಗೆ ಕುಣಿಯಲು ಏನಾದರೊಂದು ಕಾರಣ ಸಿಕ್ಕೇ ಸಿಗುತ್ತದೆ. ವರ್ಷವಿಡೀ ಕಬ್ಬು ಕಡಿದು, ಅರಿಷಿಣ ಕುದಿಸಿ, ಗಾಡಿ ಹೊಡೆದ ಮೈ ಒಂದು ರಾತ್ರಿ ಹಗುರಾಗಬೇಕು. ಎಲ್ಲಾ ಮರೆತು ಕುಣಿಯಬೇಕೆಂಬ ಆಸೆ ಕಾಲೇಜು ಹುಡುಗನಿಗೆ ಎಷ್ಟಿದೆಯೋ ಗಾಡಿ ಹೊಡೆಯುವ ಹುಡುಗನಿಗೂ ಅಷ್ಟೇ ಇದೆ. ಇದನ್ನು ಬೇಡ ಎನ್ನಲು ಯಾರಿಗೂ ಮನಸ್ಸಿಲ್ಲ, ಎನ್ನಬಾರದು ಕೂಡ.

ತಕರಾರು ಇರುವುದು ಸೌಂಡಿಗೆ. ಮಹಾರಾಷ್ಟ್ರದ ಗಡಿ ಹತ್ತಿರವಿದ್ದುದರಿಂದ ಕೊಲ್ಲಾಪುರ, ಸಾಂಗಲಿ ಕಡೆಯ 'ಡಾಲ್ಬಿ' ಹುಚ್ಚು ಈ ಭಾಗಕ್ಕೆ ಬೇಗ ಹತ್ತಿತು. ಮನೆಯೆತ್ತರ ಪೆಟ್ಟಿಗೆ ಒಟ್ಟಿ ಮೆರವಣಿಗೆ ಹೊರಟರೆ ಕಿಟಕಿಯ ಗಾಜು ನಡುಗುತ್ತವೆ, ತೊಟ್ಟಿಲ ಕೂಸು ಬೆಚ್ಚುತ್ತದೆ, ಬಿ.ಪಿ. ಇದ್ದ ಹಿರಿಯರು ಒಳಕೋಣೆಗೆ ಸರಿಯುತ್ತಾರೆ. 'ಸೌಂಡ್ ಸ್ವಲ್ಪ ಸಣ್ಣ ಮಾಡೋ ತಮ್ಮಾ' ಎಂದರೆ 'ಇದೊಂದ ಹಾಡ ಕಾಕಾ, ಆಮ್ಯಾಲ ಬಂದ್' ಎಂಬ ಉತ್ತರ ತಯಾರಿರುತ್ತದೆ. ಆ ಒಂದು ಹಾಡು ಮುಗಿಯುವುದೇ ಇಲ್ಲ.

ಕಿವಿಯ ಲೆಕ್ಕ ಹೀಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬಲ್ ಸಪ್ಪಳವನ್ನು ವಾರಕ್ಕೆ 40 ತಾಸು ಕೇಳಿದರೆ ಕಿವಿ ತಾಳುತ್ತದೆ. 90 ಡೆಸಿಬಲ್ ಆದರೆ 4 ತಾಸು ಮಾತ್ರ. 100 ಡೆಸಿಬಲ್ ಆದರೆ ವಾರಕ್ಕೆ 20 ಮಿನಿಟು. ದೊಡ್ಡ ಪೆಟ್ಟಿಗೆಯ ಮುಂದೆ ಮೂರು ತಾಸು ಕುಣಿದವನ ಕಿವಿಯಲ್ಲಿ ಮರುದಿನ ಗುಂಯ್ ಎಂಬ ಸಪ್ಪಳ ಉಳಿಯುವುದು ಸುಮ್ಮನೆ ಅಲ್ಲ. ಒಳಗಿನ ಸೂಕ್ಷ್ಮ ಕೂದಲಿನಂಥ ಕಣಗಳು ಒಮ್ಮೆ ಸತ್ತರೆ ಮತ್ತೆ ಚಿಗುರುವುದಿಲ್ಲ. ಕುಣಿಯುವವರು ಕೆಲ ತಾಸಿಗೆ ಮನೆಗೆ ಹೋಗುತ್ತಾರೆ. ಪೆಟ್ಟಿಗೆಯ ಬಾಜೂಕ ನಿಂತು ಮಷಿನ್ನು ನಡೆಸುವ ಹುಡುಗ ಹಂಗಾಮಿಡೀ ಅಲ್ಲಿಯೇ ಇರುತ್ತಾನೆ. ಅವನ ಕಿವಿಯ ಗತಿ ಏನು?

ರಸ್ತೆಯ ಮಾತು ಇನ್ನೂ ಗಂಭೀರ. ಟ್ರ್ಯಾಕ್ಟರಿನ ಮೇಲೆ ಪೂರಾ ಸೌಂಡ್ ಇಟ್ಟವನಿಗೆ ಹಿಂದಿನ ಬಸ್ಸಿನ ಹಾರ್ನ್ ಕೇಳುವುದಿಲ್ಲ, 108ರ ಸಪ್ಪಳವೂ ಕೇಳುವುದಿಲ್ಲ. ಹಿಂದೆ ಕೆಂಪು ದೀಪವಿಲ್ಲದ, ರೇಡಿಯಂ ಪಟ್ಟಿಯಿಲ್ಲದ ಕಬ್ಬಿನ ಟ್ರೇಲರ್ ಕತ್ತಲಲ್ಲಿ ಎಷ್ಟು ಅಪಾಯವೆಂದು ಈ ರಸ್ತೆಯ ಬೈಕ್ ಸವಾರರಿಗೆ ಹೇಳಿಕೊಡಬೇಕಾಗಿಲ್ಲ. ಅದರ ಮೇಲೆ ಡ್ರೈವರನ ಕಿವಿಯೂ ಬಂದಾದರೆ ದೇವರೇ ಕಾಯಬೇಕು. ಸಾಹಿತ್ಯದ ಬಗ್ಗೆಯೂ ಆಕ್ಷೇಪ ಇಲ್ಲದಿಲ್ಲ. ಒಳ್ಳೆಯ ಪದ ಹತ್ತು ಬಂದರೆ ಹೆಣ್ಣುಮಕ್ಕಳನ್ನು ಹಗುರಾಗಿ ಆಡುವ ಪದವೂ ನಾಲ್ಕು ಬರುತ್ತವೆ. ಬಸ್ಸಿಗೆ ಕಾದು ನಿಂತ ಹುಡುಗಿಯರ ಮುಂದೆ ಬೇಕಂತಲೇ ಅದನ್ನು ಹಚ್ಚುವವರಿದ್ದಾರೆ. ಇದು ಮೋಜಲ್ಲ, ಕಾಟ.

ಹಲಗಿಯವರ ಹೊಟ್ಟೆಪಾಡು

ಇನ್ನೊಂದು ಮಾತು ಮರೆಯುವಂತಿಲ್ಲ. ಹಿಂದೆ ಮದುವೆ ಎಂದರೆ ಹಲಗಿ, ಸಂಬಾಳ, ಶಹನಾಯಿ, ಕರಡಿ ಮಜಲು, ಆಮೇಲೆ ಬೆಂಜೋ ಪಾರ್ಟಿ. ಹತ್ತು ಮಂದಿ ಬಾರಿಸಿದರೆ ಹತ್ತು ಮನೆಯ ಒಲೆ ಉರಿಯುತ್ತಿತ್ತು. ಈಗ ಒಂದು ಗಾಡಿ, ಒಂದು ಜನರೇಟರ್, ಇಬ್ಬರು ಹುಡುಗರು. ಹಲಗಿಯವರಿಗೆ ಸುಗ್ಗಿಯ ದಿನದಲ್ಲಿಯೂ ಕರೆ ಬರುವುದು ಕಡಿಮೆಯಾಗಿದೆ. ಸೋಜಿಗವೆಂದರೆ ಡಿ.ಜೆ. ಹಾಡಿನೊಳಗೆ ಬಡಿಯುವುದೂ ಅದೇ ಹಲಗಿಯ ತಾಳವೇ. ತಾಳ ಉಳಿಯಿತು, ಬಾರಿಸುವ ಕೈ ಖಾಲಿಯಾಯಿತು.

ಕಾಯ್ದೆ ಇದೆ, ಕೇಳುವವರು?

2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಪರವಾನಗಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಹಚ್ಚುವಂತಿಲ್ಲ. ಹಬ್ಬಹರಿದಿನಕ್ಕೆಂದು ರಾಜ್ಯ ಸರಕಾರ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಸ್ಪೀಕರ್ ಹಚ್ಚಿದ ಜಾಗದ ಗಡಿಯಲ್ಲಿ ಏನೇ ಆದರೂ 75 ಡೆಸಿಬಲ್ ದಾಟಬಾರದು. ದವಾಖಾನೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ಶಾಂತ ವಲಯ. ಸುಪ್ರೀಂ ಕೋರ್ಟ್ ಕೂಡ 2005ರ ಜುಲೈನಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿದೆ.

ಬಸ್ಸಿನೊಳಗೂ ನಿಯಮ ಉಂಟು. ಮೊಬೈಲನ್ನು ಜೋರಾಗಿ ಹಚ್ಚಿ ಬೇರೆಯವರಿಗೆ ತ್ರಾಸ ಕೊಡಬಾರದೆಂದು 2021ರ ನವೆಂಬರಿನಲ್ಲಿ ಕೆ.ಎಸ್.ಆರ್.ಟಿ.ಸಿ. ಸುತ್ತೋಲೆ ಹೊರಡಿಸಿತ್ತು. ಹೇಳಿದರೂ ಕೇಳದವರನ್ನು ಇಳಿಸಬಹುದೆಂದೂ ಅದರಲ್ಲಿತ್ತು. ಆದರೆ ತುಂಬಿದ ಗಾಡಿಯಲ್ಲಿ ಚೀಟಿ ಹರಿಯುವ ಕಂಡಕ್ಟರ್ ಎಷ್ಟು ಮಂದಿಯ ಜೊತೆ ಜಗಳಾಡಬೇಕು?

ಗಣಪತಿ ಹಬ್ಬ ಬಂದಾಗ ನಾಲ್ಕು ಸಭೆ, ನಾಲ್ಕು ಎಚ್ಚರಿಕೆ. ಹಬ್ಬ ಮುಗಿದ ಮೇಲೆ ಮತ್ತೆ ಅದೇ ರಾಗ. ಪೂರಾ ಬಂದ್ ಮಾಡಿರೆಂದು ಯಾರೂ ಕೇಳುತ್ತಿಲ್ಲ. ಯಲ್ಲಾಲಿಂಗ ಮಠದ ಜಾತ್ರೆಗೆ ಸಾವಿರಾರು ಮಂದಿ ಸೇರುವ ಊರು ಇದು. ಮುಂದಿನ ಜಾತ್ರೆಗೆ ಮೊದಲು ಪೊಲೀಸರು, ಊರ ಹಿರಿಯರು, ಡಿ.ಜೆ. ಮಾಲಕರು, ಹಾಡುವ ಹುಡುಗರು ಒಂದೇ ಕಡೆ ಕೂಡಬೇಕು. ರಾತ್ರಿ ಹತ್ತಕ್ಕೆ ಬಂದ್, ದವಾಖಾನೆಯ ಮುಂದೆ ಮೌನ, ಪೆಟ್ಟಿಗೆಯ ಸಂಖ್ಯೆಗೆ ಮಿತಿ, ಮೆರವಣಿಗೆಯಲ್ಲಿ ಒಂದು ತಾಸಾದರೂ ಹಲಗಿಯವರಿಗೆ ಅವಕಾಶ, ಕಬ್ಬಿನ ಗಾಡಿ ರಸ್ತೆಗೆ ಬಿದ್ದಾಗ ಸೌಂಡ್ ಸಣ್ಣ. ಇಷ್ಟು ಮಾಡಲು ಸರಕಾರದ ಖಜಾನೆಯಿಂದ ಒಂದು ಪೈಸೆಯೂ ಬೇಕಾಗಿಲ್ಲ.

ನಿಪನಾಳದ ಹಾಡು ರಾಜ್ಯಕ್ಕೆಲ್ಲ ಕೇಳಿಸಿದ್ದು ಪೆಟ್ಟಿಗೆಯ ಎತ್ತರದಿಂದಲ್ಲ, ಪದದ ಗಮ್ಮತ್ತಿನಿಂದ. ಸಣ್ಣ ಸೌಂಡಿನಲ್ಲಿಯೂ ಅದು ಚೆಂದವೇ ಕೇಳಿಸುತ್ತದೆ. ಕುಣಿಯುವವರು ಕುಣಿಯಲಿ, ಮಲಗುವವರು ಮಲಗಲಿ. ಇದಕ್ಕೊಂದು ಹದ ಹಾಕಲು ಸಂಬಂಧಪಟ್ಟವರು ಮುಂದೆ ಬರುವರೇ?