ಕ್ಲ್ಯಾಂಪ್ ಮೀಟರಿನ ಪ್ರಾತ್ಯಕ್ಷಿಕೆ ಮತ್ತು ನಮ್ಮ ವಿದ್ಯುತ್ ಬಿಲ್ಲು

ಚನ್ನಪಟ್ಟಣದಲ್ಲಿ ಬೊಂಬೆ ತಯಾರಿಸುವ ನನ್ನ ಕಕ್ಷಿದಾರರೊಬ್ಬರು ವರ್ಷಾಂತ್ಯದ ಲೆಕ್ಕಪತ್ರಗಳೊಡನೆ ‘ವಿದ್ಯುತ್ ಉಳಿತಾಯ ಪೆಟ್ಟಿಗೆ’ಯೊಂದರ ಖರೀದಿ ಬಿಲ್ಲನ್ನೂ ತಂದಿದ್ದರು. ಸವಕಳಿ ಲೆಕ್ಕ ಹಾಕುವ ಮುನ್ನ ಹನ್ನೆರಡು ತಿಂಗಳ ಬೆಸ್ಕಾಂ ಬಿಲ್ಲುಗಳನ್ನು ಸಾಲಾಗಿ ಇಟ್ಟು ನೋಡಿದೆ. ಪೆಟ್ಟಿಗೆ ಬಂದ ಮೇಲೂ ಯೂನಿಟ್ಟುಗಳು ಇಳಿದಿರಲಿಲ್ಲ. “ನನ್ನ ಕಣ್ಣೆದುರಿಗೇ ಮೀಟರ್ ಅರ್ಧದ ಹತ್ತಿರ ಇಳಿಯಿತಲ್ಲ, ಸಾರ್?” ಎಂದರು. ಇಳಿದದ್ದು ನಿಜ, ಇಳಿದದ್ದು ಯಾವುದು ಎಂಬುದರಲ್ಲಿ ಮೋಸವಿದೆ.

ಮಾರಾಟ ಪ್ರತಿನಿಧಿಯು ತಂತಿಗೆ ಹಿಡಿಸಿ ತೋರಿಸಿದ ಕ್ಲ್ಯಾಂಪ್ ಮೀಟರ್ ಅಳೆದದ್ದು ಆಂಪಿಯರನ್ನು. ಬೆಸ್ಕಾಂ ಹಣ ಕೇಳುವುದು ಯೂನಿಟ್ಟಿಗೆ. ಕಡಿಮೆ ಹೊರೆಯಲ್ಲಿ ತಿರುಗುವ ಮೋಟಾರು ತನ್ನ ಕಾಂತಕ್ಷೇತ್ರಕ್ಕಾಗಿ ಹೆಚ್ಚುವರಿ ಕರೆಂಟನ್ನು ಎಳೆಯುತ್ತದೆ. ಪೆಟ್ಟಿಗೆಯೊಳಗಿನ ಕೆಪಾಸಿಟರ್ ಅದನ್ನು ಪಕ್ಕದಿಂದಲೇ ಪೂರೈಸುವುದರಿಂದ ತಂತಿಯಲ್ಲಿ ಆಂಪಿಯರ್ ತಗ್ಗುತ್ತದೆ. ಉದಾಹರಣೆಗೆ, 230 ವೋಲ್ಟಿನಲ್ಲಿ 4 ಆಂಪಿಯರ್, ಪವರ್ ಫ್ಯಾಕ್ಟರ್ 0.5 ಇದ್ದರೆ 460 ವ್ಯಾಟ್. ಪೆಟ್ಟಿಗೆ ಜೋಡಿಸಿದಾಗ 2.3 ಆಂಪಿಯರ್, ಪವರ್ ಫ್ಯಾಕ್ಟರ್ ಸುಮಾರು 0.87 ಆದರೆ, ಆಗಲೂ 460 ವ್ಯಾಟೇ! ಶೇಕಡ 40ಕ್ಕೂ ಮಿಕ್ಕಿ ಇಳಿದಂತೆ ಕಂಡದ್ದರಿಂದ ಬಿಲ್ಲಿಗೆ ಆದ ಲಾಭ ಸೊನ್ನೆ. ಪ್ರಾತ್ಯಕ್ಷಿಕೆಗೆ ಖಾಲಿ ತಿರುಗುವ ಮೋಟಾರನ್ನೇ ಆರಿಸುವುದು ಇದಕ್ಕಾಗಿ. ಹೀಟರಿಗೆ ಜೋಡಿಸಿದರೆ ಆಂಪಿಯರೂ ಇಳಿಯದು.

ಕೆಪಾಸಿಟರ್ ನಿಷ್ಪ್ರಯೋಜಕವೆಂದು ನಾನು ಹೇಳುತ್ತಿಲ್ಲ. ರಾಮನಗರದ ರೇಷ್ಮೆ ನೂಲು ಬಿಚ್ಚಣಿಕೆ ಘಟಕವೇ ಆಗಲಿ, ಕನಕಪುರ, ಮಾಗಡಿಯ ಗಿರಣಿಯೇ ಆಗಲಿ, ಬಿಲ್ಲಿನಲ್ಲಿ ಪವರ್ ಫ್ಯಾಕ್ಟರ್ ದಂಡ ಬೀಳುತ್ತಿದ್ದರೆ ಸರಿಯಾದ ಅಳತೆಯ ಕೆಪಾಸಿಟರಿನಿಂದ ಅದನ್ನು ತಪ್ಪಿಸಬಹುದು. ಅದನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದ ಹಾಕಿಸುವುದು ಲೇಸು.

ಪರೀಕ್ಷೆ ಸುಲಭ. ಎಲೆಕ್ಟ್ರಾನಿಕ್ ಮೀಟರಿನಲ್ಲಿ ಬಳಕೆಗೆ ತಕ್ಕಂತೆ ಮಿನುಗುವ ಕೆಂಪು ದೀಪವಿರುತ್ತದೆ. ಅದೇ ಹೊರೆಯಲ್ಲಿ, ಪೆಟ್ಟಿಗೆಯಿದ್ದಾಗ ಐದು ನಿಮಿಷ, ತೆಗೆದು ಐದು ನಿಮಿಷ ಮಿನುಗುಗಳನ್ನು ಎಣಿಸಿರಿ. ಇದಕ್ಕೆ ಒಪ್ಪದ ಪ್ರತಿನಿಧಿಯನ್ನು ಚಹಾ ಕೊಟ್ಟು ಕಳುಹಿಸಿಬಿಡಬಹುದು.

ಕೊಂಡ ಮೇಲಿನ ದಾರಿ ಕಠಿಣ. ವಾಣಿಜ್ಯ ಉದ್ದೇಶಕ್ಕೆ ಕೊಂಡವರು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಗ್ರಾಹಕರೆನಿಸುವುದಿಲ್ಲ. ಸ್ವಯಂ ಉದ್ಯೋಗದಿಂದ ಜೀವನ ನಡೆಸಲೆಂದು ಮಾತ್ರ ಕೊಂಡವರಿಗೆ ವಿನಾಯಿತಿಯಿದೆ. ತಪ್ಪು ನಿರೂಪಣೆಯಿಂದ ಒಪ್ಪಿಗೆ ಪಡೆದ ಕರಾರನ್ನು 1872ರ ಭಾರತೀಯ ಕರಾರು ಕಾಯ್ದೆಯ 19ನೇ ಕಲಮಿನಂತೆ ರದ್ದುಪಡಿಸಬಹುದು. ಆದರೆ ಸಾಮಾನ್ಯ ಎಚ್ಚರ ವಹಿಸಿದ್ದರೆ ನಿಜ ತಿಳಿಯುತ್ತಿತ್ತು ಎಂಬ ಪ್ರತಿವಾದ ಬರಬಹುದು. ಆದಕಾರಣ “ಯೂನಿಟ್ ಬಳಕೆ ಇಂತಿಷ್ಟು ಇಳಿಯದಿದ್ದರೆ ಹಣ ವಾಪಸು” ಎಂದು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಬೇಕು. ನನ್ನ ಕಕ್ಷಿದಾರರ ಬಿಲ್ಲಿನಲ್ಲಿ ‘ಪವರ್ ಸೇವರ್ – 1’ ಎಂಬುದರ ಹೊರತು ಯಾವ ವಿವರವೂ ಇರಲಿಲ್ಲ.